ತಿರುಳ್ಗನ್ನಡದ ತಿರುಕನೂ ಸಭಾಪಾಲಕನೂ ಒಬ್ಬನೇ

ಕೆಂಗೇರಿಯಿಂದ ಮೆಟ್ರೊ ಹಿಡಿದು ವಿಜಯನಗರ ದಾಟಿದರೆ ಸಿಗುವ ಹೊಸಹಳ್ಳಿ ನಿಲ್ದಾಣಕ್ಕೆ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರಿದೆ. ಅಲ್ಲಿಗೆ ಹತ್ತಿರದ ಒಂದು ಇಡೀ ಬಡಾವಣೆ ಬಸವೇಶ್ವರನಗರ. ಧರ್ಮದ ಹಿರಿಯರನ್ನು ಊರಿನ ಹಿರಿಯರೆಂದೇ ನೆನೆಯುವುದು ಪಶ್ಚಿಮ ಬೆಂಗಳೂರಿಗೆ ರೂಢಿಯ ಮಾತು. ಕ್ರೈಸ್ತ ಪಾದ್ರಿಗಳನ್ನೂ ನಗರ ಪೂರ್ತಿ ಮರೆತಿಲ್ಲ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್‌ಗೆ ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ಇದೆ. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಪ್ರತಿ ಜುಲೈ ಒಂದರಂದು ಪತ್ರಿಕಾ ದಿನಾಚರಣೆಯ ಭಾಷಣಗಳಲ್ಲಿ ಬಂದುಹೋಗುತ್ತಾರೆ. ಆದರೆ ಇಬ್ಬರೂ ಜರ್ಮನರು. ಪರದೇಶದವನೊಬ್ಬ ಕನ್ನಡ ಕಲಿತರೆ ನಮಗೆ ಬೆರಗು, ನಮ್ಮವನೇ ಒಬ್ಬ ಪಾದ್ರಿಯಾದರೆ ಸಣ್ಣ ಅನುಮಾನ. ಉತ್ತಂಗಿ ಚೆನ್ನಪ್ಪನವರ ಹೆಸರು ಸಾಹಿತ್ಯದ ವಿದ್ಯಾರ್ಥಿಗಳಾಚೆ ಹರಡದೆ ಹೋದದ್ದಕ್ಕೆ ಈ ಅನುಮಾನವೂ ಒಂದು ಕಾರಣ. ಅವರನ್ನು ಹೊಗಳುವವರೂ ‘ಪಾದ್ರಿಯಾಗಿದ್ದರೂ ದೊಡ್ಡ ವಿದ್ವಾಂಸ’ ಎನ್ನುತ್ತಾರೆ. ಆ ‘ಆಗಿದ್ದರೂ’ ಸರಿಯಲ್ಲ. ಅವರು ಪಾದ್ರಿಯಾಗಿದ್ದರಿಂದಲೇ ಆ ಬಗೆಯ ವಿದ್ವಾಂಸರಾದರು.

ಚೆನ್ನಪ್ಪನವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮನೆತನದ ಮೂಲ ಹೂವಿನಹಡಗಲಿ ಸೀಮೆಯ ಉತ್ತಂಗಿ. ತಂದೆಯ ಹೆಸರು ದಾನಿಯೇಲಪ್ಪ. ಸತ್ಯವೇದದ ಪ್ರವಾದಿಯ ಹೆಸರಿಗೆ ನಮ್ಮ ‘ಅಪ್ಪ’ ಸೇರಿದ ಈ ಹೆಸರೊಂದೇ ಸಾಕು, ಉತ್ತರ ಕರ್ನಾಟಕದ ಕ್ರೈಸ್ತರು ಧರ್ಮ ಬದಲಿಸಿದಾಗ ಊರು ಬಿಡಲಿಲ್ಲ, ನುಡಿ ಬಿಡಲಿಲ್ಲ ಎನ್ನಲು. ಮಗ ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ದೇವಶಾಸ್ತ್ರ ಓದಿ, ಧಾರವಾಡ ಸೀಮೆಯ ಸಣ್ಣ ಊರುಗಳ ಸಭೆಗಳಿಗೆ ಪಾಲಕರಾದರು. ಅಂಥ ಸಭೆಯ ಪಾಲಕನಿಗೆ ಭಾನುವಾರದ ಪ್ರಸಂಗ ಕೆಲಸದ ಒಂದು ತುಣುಕು ಮಾತ್ರ. ಉಳಿದ ಆರು ದಿನ ಮನೆಮನೆಗೆ ಹೋಗಬೇಕು, ಕಾಯಿಲೆಯವರ ಪಕ್ಕ ಕೂರಬೇಕು, ಜಗಳ ಬಿಡಿಸಬೇಕು, ಸಂತೆಯ ದಿನ ಸಿಕ್ಕವರೊಡನೆ ಅವರದೇ ಮಾತಿನಲ್ಲಿ ಮಾತಾಡಬೇಕು. ಪುಸ್ತಕದ ಕನ್ನಡ ಅಲ್ಲಿ ನಡೆಯುವುದಿಲ್ಲ.

ಸರ್ವಜ್ಞ ಅವರ ಕೈಗೆ ಸಿಕ್ಕಿದ್ದು ಈ ದಾರಿಯಲ್ಲಿ. ಸರ್ವಜ್ಞನದು ತ್ರಿಪದಿ, ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ಅದೇ ಮಟ್ಟು. ಅವನ ಪದಗಳು ಮಠಗಳ ತಾಡವೋಲೆಗಳಲ್ಲೂ ಇದ್ದವು, ಕಟ್ಟೆಯ ಮೇಲೆ ಕೂತ ಮುದುಕರ ನಾಲಿಗೆಯಲ್ಲೂ ಇದ್ದವು. ಓಲೆಯಲ್ಲಿ ಒಂದು ಪಾಠ, ಬಾಯಲ್ಲಿ ಇನ್ನೊಂದು. ಪಕ್ಕದ ಊರಿಗೆ ಹೋದರೆ ಎರಡನೆಯ ಸಾಲು ಮೂರನೆಯದಾಗಿರುತ್ತದೆ. ಕೋಣೆಯಲ್ಲಿ ಕೂತು ಇದನ್ನು ಬಗೆಹರಿಸಲಾಗದು. ಬಾಗಿಲು ತಟ್ಟುವ ಅಭ್ಯಾಸ ಬೇಕು, ಹೇಳುವವರು ಹೇಳಿ ಮುಗಿಸುವವರೆಗೆ ಕಾಯುವ ಅಭ್ಯಾಸ ಬೇಕು. ಇವೆರಡೂ ಸಭಾಪಾಲಕನ ಕಸುಬಿನವು. 1924ರಲ್ಲಿ ಅಚ್ಚಾದ ಅವರ ‘ಸರ್ವಜ್ಞನ ವಚನಗಳು’ ಚದುರಿಹೋಗಿದ್ದ ಪದಗಳನ್ನು ಒಂದೆಡೆ ತಂದಿತು. ಮುಂದಿನ ಸಂಪಾದನೆಗಳಿಗೆ ತಳಹದಿಯಾಯಿತು. ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು ಅವರಿಗೆ ಎಷ್ಟು ಒಪ್ಪುತ್ತದೆ ನೋಡಿ. ಕಪ್ಪರ ಹಿಡಿದು ಊರೂರು ತಿರುಗಿದ ಕವಿಯ ಪದಗಳನ್ನು ಇನ್ನೊಬ್ಬ ತಿರುಕ ಊರೂರು ತಿರುಗಿ ಬೇಡಿ ತಂದ. 2009ರಲ್ಲಿ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ನಿಂತಾಗ ಎರಡು ರಾಜ್ಯಗಳ ಸೌಹಾರ್ದದ ಮಾತು ಬೇಕಾದಷ್ಟು ಬಂತು. ಆ ಸರ್ವಜ್ಞನನ್ನು ಅಷ್ಟು ದೂರ ಒಯ್ಯಬಲ್ಲ ಪುಸ್ತಕವಾಗಿಸಿದವರು ಒಬ್ಬ ಪಾದ್ರಿ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದೇ: ಮಿಶನರಿಗಳ ಭಾಷಾಸೇವೆ ಮತಾಂತರದ ಸಲಕರಣೆಯಲ್ಲವೆ? ಸಂಸ್ಥೆಯ ಮಟ್ಟದಲ್ಲಿ ಇದನ್ನು ತಳ್ಳಿಹಾಕಲಾಗದು. ಬಾಸೆಲ್ ಮಿಶನ್ ಇಲ್ಲಿಗೆ ಬಂದದ್ದು ಸುವಾರ್ತೆ ಸಾರಲಿಕ್ಕೆ, ಅಚ್ಚುಕೂಟವೂ ಶಾಲೆಯೂ ಅದರ ಬೆನ್ನಿಗೇ ಬಂದವು. ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಹಸ್ತಪ್ರತಿ ಕಳಿಸಿದಾಗ ಮಂಗಳೂರಿನ ಮಿಶನ್ ಮುದ್ರಣಾಲಯ ಅದನ್ನು ಅಚ್ಚು ಮಾಡದೆ ಹಿಂದಿರುಗಿಸಿತು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಚೆನ್ನಪ್ಪನವರೂ ತಮ್ಮ ನಂಬಿಕೆಯನ್ನು ಮುಚ್ಚಿಟ್ಟವರಲ್ಲ. ಬೆತ್ಲೆಹೇಮು ಬನಾರಸಕ್ಕೆ ವಿನಂತಿ ಮಾಡಿಕೊಳ್ಳುವ ಹೆಸರಿನ ಪುಸ್ತಕವನ್ನೇ ಬರೆದರು. ಆದರೆ ಆ ಹೆಸರಿನಲ್ಲಿ ಆಜ್ಞೆಯಿಲ್ಲ, ವಿನಂತಿಯಿದೆ. ಜೊತೆಗೆ, ಮತಾಂತರವೊಂದೇ ಗುರಿಯಾಗಿದ್ದರೆ ಎಲ್ಲ ಮತಗಳ ಡಾಂಭಿಕರನ್ನೂ ಚುಚ್ಚುವ, ಯಾವ ಪಂಥದ ಕೈಗೂ ಪೂರ್ತಿ ಸಿಗದ ಸರ್ವಜ್ಞನ ಮೇಲೆ ವರ್ಷಗಟ್ಟಲೆ ಶ್ರಮ ಸುರಿಯುವುದರಿಂದ ಯಾವ ಲಾಭ? ಶರಣರ ವಚನಗಳ ಸಂಪಾದನೆಯಿಂದ ಯಾವ ಲಾಭ? ಅನುಭವ ಮಂಟಪವೆಂಬುದು ನಿಜವಾಗಿ ಇತ್ತೇ ಎಂದು ಸಂಶಯ ಎದ್ದಾಗ ಅದರ ಐತಿಹಾಸಿಕತೆಯ ಪರವಾಗಿ ಪುಸ್ತಕ ಬರೆದು ವಾದಕ್ಕೆ ನಿಂತವರು ಇದೇ ಕ್ರೈಸ್ತ ಪಾಲಕರು. ಬಸವಣ್ಣನ ಸಭೆಯೊಂದು ಇತಿಹಾಸದಲ್ಲಿ ಇತ್ತು ಎಂದು ಸಾಧಿಸಿದರೆ ಚರ್ಚಿನ ಹಾಜರಿ ಪುಸ್ತಕದಲ್ಲಿ ಒಂದು ಹೆಸರೂ ಹೆಚ್ಚಾಗುವುದಿಲ್ಲ. 2021ರಲ್ಲಿ ಬಸವಕಲ್ಯಾಣದ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಆ ಕಟ್ಟಡದೊಳಗೆ ಉತ್ತಂಗಿಯವರಿಗೆ ಒಂದು ಗೋಡೆಯಷ್ಟಾದರೂ ಜಾಗ ಸಲ್ಲಬೇಕು.

ಎರಡನೆಯ ಆಕ್ಷೇಪ ವಿದ್ವಾಂಸರದು. ಸಂಗ್ರಹಿಸಿದ ಪದಗಳೆಲ್ಲ ಸರ್ವಜ್ಞನವಲ್ಲ, ಪ್ರಕ್ಷಿಪ್ತ ಬಹಳ. ಒಪ್ಪಬೇಕಾದ ಮಾತು. ಅಂಕಿತವೊಂದನ್ನು ತಗುಲಿಸಿದರೆ ಯಾರ ಪದವೂ ಸರ್ವಜ್ಞನದಾಗಬಲ್ಲ ಪರಂಪರೆ ಅದು. ಆದರೆ ಜೊಳ್ಳು ತೂರುವುದಕ್ಕೂ ಮೊದಲು ರಾಶಿ ಕಣಕ್ಕೆ ಬರಬೇಕಷ್ಟೆ.

ಬದುಕಿದ್ದಾಗ ಕನ್ನಡ ಜನ ಅವರ ಬಗ್ಗೆ ಇಂಥ ಅನುಮಾನ ಇಟ್ಟುಕೊಂಡಂತೆ ಕಾಣುವುದಿಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ರಜಾಕಾರರ ಹಾವಳಿಯ ಗಾಯ ಇನ್ನೂ ಹಸಿಯಾಗಿತ್ತು. ಮರುವರ್ಷವೇ ಕಲಬುರಗಿಯಲ್ಲಿ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು, ಅಧ್ಯಕ್ಷ ಪೀಠದಲ್ಲಿ ಕೂತವರು ರೆವರೆಂಡ್ ಉತ್ತಂಗಿ ಚೆನ್ನಪ್ಪ. ಧರ್ಮದ ಹೆಸರಿನಲ್ಲಿ ನೆಲವೊಂದು ಆಗಷ್ಟೇ ಉರಿದಿದ್ದಾಗ ಅಲ್ಪಸಂಖ್ಯಾತ ಧರ್ಮದ ಗುರುವೊಬ್ಬರನ್ನು ಕನ್ನಡದ ಹಿರಿಯರೆಂದು ಕರೆತಂದು ಕೂರಿಸಿದ ಆ ವರ್ಷದ ಕನ್ನಡಿಗರ ಎದೆಗಾರಿಕೆ ಇವತ್ತು ನಮಗಿದೆಯೇ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ.

ತಪ್ಪು ಒಂದೇ ಕಡೆಯದಲ್ಲ. ಬೆಂಗಳೂರಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ಕನ್ನಡದ ಪೂಜೆಗಾಗಿ ಕನ್ನಡ ಕ್ರೈಸ್ತರೇ ದಶಕಗಳ ಕಾಲ ಹೋರಾಡಬೇಕಾಯಿತು. ನಗರದ ಪ್ರಾಟೆಸ್ಟೆಂಟ್ ಸಭೆಗಳಲ್ಲೂ ಕನ್ನಡವನ್ನು ಆರಾಧನೆಗೆ ಸಾಕು, ಆಲೋಚನೆಗೆ ಬೇಡ ಎಂಬಂತೆ ನೋಡುವ ಚಾಳಿ ಇದೆ. ನಗರಕ್ಕೆ ಹತ್ತು ಭಾಷೆಯ ಜನ ಬಂದಿದ್ದಾರೆ, ಅವರವರ ಭಾಷೆಯಲ್ಲಿ ಪ್ರಾರ್ಥಿಸಲಿ ಎಂಬ ವಾದ ನ್ಯಾಯವಾದದ್ದು. ಹಾಗೆಂದು ಕನ್ನಡದ ಪಾಲಕರಿಗೆ ಕನ್ನಡದ ಓದು ಐಚ್ಛಿಕವಾಗಬೇಕಿಲ್ಲ. ರಾಜಾಜಿನಗರದ ಒಬ್ಬ ಪಾಲಕ ಶನಿವಾರ ರಾತ್ರಿ ಪ್ರಸಂಗ ಸಿದ್ಧಪಡಿಸುವಾಗ ಸತ್ಯವೇದದ ಪಕ್ಕದಲ್ಲಿ ಸರ್ವಜ್ಞನನ್ನು ತೆರೆದಿಟ್ಟುಕೊಂಡರೆ ಅದು ಹೊಸ ಪ್ರಯೋಗವೇನೂ ಆಗದು. 1962ರಲ್ಲಿ ಹೂವಿನಹಡಗಲಿಯಲ್ಲಿ ತೀರಿಕೊಂಡ ಹಿರಿಯರೊಬ್ಬರ ಮೇಜಿನ ಮೇಲೆ ಅವೆರಡೂ ಒಟ್ಟಿಗೇ ಇದ್ದವು.