ನೋವಿಲ್ಲದ ದಿನವೇ ವೈದ್ಯರ ಬಳಿ ಹೋಗಿ

"ಏನೂ ಆಗಿಲ್ಲರಿ ಸಾಹೇಬ್ರೆ, ಸುಮ್ಮನ ಯಾಕ ದವಾಖಾನಿಗಿ ಬರಬೇಕು?" ಬೀದರ, ಭಾಲ್ಕಿ, ಔರಾದ - ಯಾವ ಕಡೆ ಹೋದರೂ ವೈದ್ಯರ ಕಿವಿಗೆ ಬೀಳುವ ಮಾತಿದು. ಈ ಮಾತನ್ನಾಡುವವರು ತಿಳಿಗೇಡಿಗಳೇನೂ ಅಲ್ಲ. ಮೃಗಶಿರಾ ಮಳೆಗೆ ಮುನ್ನವೇ ಕೂರಿಗೆಯನ್ನು ಪರೀಕ್ಷಿಸಿ ಇಡುವವರು ಅವರು. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಅಂದೇ ಪಶುವೈದ್ಯರಿಗೆ ಹೇಳಿಕಳಿಸುವವರು. ತಮ್ಮ ದೇಹದ ವಿಷಯ ಬಂದಾಗ ಮಾತ್ರ ನೋವು ಬಂದು ಬಾಗಿಲು ತಟ್ಟುವವರೆಗೆ ಕಾಯುತ್ತಾರೆ.

ಕಾಯುವುದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಜ್ವರ, ಭೇದಿ, ಹಲ್ಲುನೋವುಗಳು ತಾವಾಗಿಯೇ ಕೂಗಿ ಹೇಳುತ್ತವೆ. ಆದರೆ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಹಾಗಲ್ಲ. ರಕ್ತದೊತ್ತಡ ಹೆಚ್ಚಿದ್ದರೂ ಬಹಳಷ್ಟು ಜನರಿಗೆ ತಲೆನೋವೂ ಬರುವುದಿಲ್ಲ, ತಲೆಸುತ್ತೂ ಬರುವುದಿಲ್ಲ. ಒಳಗೆ ಮಾತ್ರ ರಕ್ತನಾಳಗಳ ಗೋಡೆ ಗಡುಸಾಗುತ್ತದೆ, ಹೃದಯ ದಣಿಯುತ್ತದೆ, ಮೂತ್ರಪಿಂಡ ಸೊರಗುತ್ತದೆ. ಮುಖ, ಕಾಲು ಬಾತು ರೋಗಿ ಬರುವ ಹೊತ್ತಿಗೆ ಮೂತ್ರಪಿಂಡದ ಶಕ್ತಿ ಬಹುಪಾಲು ಕರಗಿರುತ್ತದೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಹಾಳಾಗುವಾಗಲೂ ಮೊದಮೊದಲು ದೃಷ್ಟಿ ಚೆನ್ನಾಗಿಯೇ ಇರುತ್ತದೆ.

ಇದು ಪಟ್ಟಣದ ಶ್ರೀಮಂತರ ಕಾಯಿಲೆ ಎಂಬ ಭ್ರಮೆ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ, 31.5 ಕೋಟಿ ಜನರಿಗೆ ರಕ್ತದೊತ್ತಡವಿದೆ. ಜೋಳದ ರೊಟ್ಟಿ ತಿಂದು ಹೊಲದಲ್ಲಿ ದುಡಿಯುವವನಿಗೆ ಇದೆಲ್ಲ ಬರುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ.

ತಡಮಾಡಿದ್ದರ ಬೆಲೆಯನ್ನು ಲೆಕ್ಕ ಹಾಕಿ ನೋಡಿ. ಒಂದು ದಿನ ಬೆಳಗ್ಗೆ ಮನೆಯ ಹಿರಿಯರಿಗೆ ಲಕ್ವ ಹೊಡೆಯುತ್ತದೆ. ಔರಾದಿನಿಂದ ಬೀದರಕ್ಕೆ, ಬೀದರದಿಂದ ಹೈದರಾಬಾದಿಗೆ ಓಟ. ಹೊಲ ಅಡವಿಡಬೇಕು, ಮಗಳ ಮದುವೆಗೆ ಕೂಡಿಟ್ಟ ಬಂಗಾರ ಮಾರಬೇಕು. ಜೀವ ಉಳಿದರೂ ಒಂದು ಕೈ, ಒಂದು ಕಾಲು ಮೊದಲಿನಂತಾಗದೆ ಇರಬಹುದು. ಅವರನ್ನು ನೋಡಿಕೊಳ್ಳಲು ಮನೆಯ ಇನ್ನೊಬ್ಬರು ದುಡಿಮೆ ಬಿಡಬೇಕಾಗುತ್ತದೆ. ರಕ್ತದೊತ್ತಡ ಮೊದಲೇ ಗೊತ್ತಾಗಿ ದಿನಕ್ಕೊಂದು ಗುಳಿಗೆ ನುಂಗಿದ್ದರೆ ಇಂಥ ಎಷ್ಟೋ ಲಕ್ವಗಳನ್ನು ತಡೆಯಬಹುದಿತ್ತು. ಆ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಹಾಗೆಂದು ಗೋಡೆಗಳ ಮೇಲೆ, ಮೊಬೈಲಿನಲ್ಲಿ ಕಾಣುವ "ಇಡೀ ದೇಹದ ತಪಾಸಣೆ, ಅರವತ್ತು ಪರೀಕ್ಷೆ, ಭಾರಿ ರಿಯಾಯಿತಿ" ಎಂಬ ಜಾಹೀರಾತಿಗೆ ಮರುಳಾಗಿ ಎಂದು ನಾನು ಹೇಳುತ್ತಿಲ್ಲ. ಎರಡೂವರೆ ಲಕ್ಷ ಜನರನ್ನು ಒಳಗೊಂಡ ಅಧ್ಯಯನಗಳನ್ನು ಕೊಕ್ರೇನ್ ಸಂಸ್ಥೆ 2019ರಲ್ಲಿ ಒಟ್ಟುಗೂಡಿಸಿ ನೋಡಿತು. ಆರೋಗ್ಯವಂತರಿಗೆ ಸಾರಾಸಗಟಾಗಿ ಮಾಡುವ ಇಂಥ ತಪಾಸಣೆಯಿಂದ ಸಾವಿನ ಪ್ರಮಾಣ ತಗ್ಗುವುದಿಲ್ಲ ಎಂಬುದು ಅದರ ತೀರ್ಮಾನ. ಆದರೆ ಆ ಅಧ್ಯಯನಗಳು ಬಹುತೇಕ ಯುರೋಪ್, ಅಮೆರಿಕಗಳಲ್ಲಿ ನಡೆದವು. ಅಲ್ಲಿನ ಅನೇಕರಿಗೆ ಮೊದಲೇ ತಮ್ಮದೆಂಬ ಒಬ್ಬ ವೈದ್ಯರಿದ್ದರು. ಬೇರೆ ಕಾರಣಕ್ಕೆ ಹೋದಾಗಲೇ ರಕ್ತದೊತ್ತಡ ಅಳೆಯುತ್ತಿದ್ದರು. ನಮ್ಮಲ್ಲಿ ಕೊರತೆ ಇರುವುದು ಅದರದೇ. ನಮಗೆ ಬೇಕಾದುದು ಅರವತ್ತು ಪರೀಕ್ಷೆಗಳಲ್ಲ; ನಿಮ್ಮ ಮನೆಯನ್ನು ಬಲ್ಲ ಒಬ್ಬ ವೈದ್ಯರು ಮತ್ತು ಕೆಲವೇ ಅಗತ್ಯ ಪರೀಕ್ಷೆಗಳು.

ಆ ಪರೀಕ್ಷೆಗಳು ಯಾವುವು? ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ ನೋಡಿಸಿಕೊಳ್ಳಬೇಕು. ಬೇರೆ ಬೇರೆ ದಿನ ಅಳೆದಾಗಲೂ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದ್ದರೆ ಚಿಕಿತ್ಸೆಯ ಮಾತು ಆಡಬೇಕು. ತಂಬಾಕು, ಗುಟ್ಕಾ ಜಗಿಯುವವರು ಬಾಯಿ ತೋರಿಸಬೇಕು. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು, ಚಟ ಮಾತ್ರ ಹೋಗಿಲ್ಲ. ಬಾಯಲ್ಲಿ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು - ಇವನ್ನು ಅಲಕ್ಷಿಸಬೇಡಿ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರ ಪರೀಕ್ಷೆ ಮಾಡಿಸಲೇಬೇಕು.

ಇನ್ನು ಮನೆಯ ಹೆಣ್ಣುಮಕ್ಕಳ ಮಾತು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಅವ್ವ ದವಾಖಾನೆಗೆ ಹೋಗುವುದರಲ್ಲೂ ಕೊನೆಯವಳೇ. ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ಅದು ಕ್ಯಾನ್ಸರ್ ಆಗುವ ಮುನ್ನವೇ ಗುರುತಿಸಿ ತಡೆಯಬಹುದು. ಮೂವತ್ತು ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಕೆಲವೇ ನಿಮಿಷಗಳ ಪರೀಕ್ಷೆ ಸಾಕು. ಅದರೊಡನೆ ಸ್ತನ ಪರೀಕ್ಷೆಯೂ ಆಗಲಿ, ರಕ್ತಹೀನತೆಯನ್ನೂ ನೋಡಿಸಲಿ. ನಾಚಿಕೆ ಎನ್ನುವವರಿಗೆ ಧೈರ್ಯ ಹೇಳಿ ಕರೆದೊಯ್ಯುವ ಹೊಣೆ ಗಂಡನದು, ಮಕ್ಕಳದು.

ಎಲ್ಲಿಗೆ ಹೋಗಬೇಕು? ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. 2018ರಲ್ಲಿ ಆರಂಭವಾಗಿ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎನಿಸಿಕೊಂಡ ಕೇಂದ್ರಗಳ ಕೆಲಸಗಳಲ್ಲಿ ಮೂವತ್ತು ದಾಟಿದವರ ಈ ತಪಾಸಣೆಯೂ ಒಂದು. ಅಲ್ಲಿಂದ ಮುಂದೆ ಪ್ರಾಥಮಿಕ ಆರೋಗ್ಯ ಕೇಂದ್ರ, ಭಾಲ್ಕಿ ಮತ್ತು ಔರಾದಿನ ತಾಲೂಕು ಆಸ್ಪತ್ರೆಗಳು, ಬೀದರದಲ್ಲಿ ಬ್ರಿಮ್ಸ್ ಇವೆ. ಗರ್ಭಿಣಿಯರಿಗೆ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವಿಶೇಷ ತಪಾಸಣೆ 2016ರಿಂದ ನಡೆದಿದೆ.

ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ ಒಂದು ಕಡತದಲ್ಲಿಟ್ಟು ತೆಗೆದುಕೊಂಡು ಹೋಗಿ. "ಬಿಪಿ ನಾರ್ಮಲ್ ಬಂತು, ಗುಳಿಗಿ ಬಿಟ್ಟೆ" ಎನ್ನಬೇಡಿ. ನಾರ್ಮಲ್ ಬಂದದ್ದೇ ಗುಳಿಗೆಯ ದೆಸೆಯಿಂದ. ಬಿಡಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ.

ಕೂಲಿ ಮಾಡುವವರಿಗೆ ಅರ್ಧ ದಿನ ಸಾಲಿನಲ್ಲಿ ನಿಲ್ಲುವುದೆಂದರೆ ಆ ದಿನದ ಕೂಲಿಯೇ ಹೋದಂತೆ. ಆದ್ದರಿಂದ ರಕ್ತದೊತ್ತಡ, ಸಕ್ಕರೆಯ ಪರೀಕ್ಷೆ ಜನರಿದ್ದಲ್ಲಿಗೇ ಬರಬೇಕು - ಸಂತೆಗೆ, ಜಾತ್ರೆಗೆ, ಕಬ್ಬು ಕಡಿಯುವ ಹೊಲಕ್ಕೆ. ಆರೋಗ್ಯ ಇಲಾಖೆ ಇದನ್ನು ಅಭ್ಯಾಸವಾಗಿಸಿಕೊಳ್ಳಬೇಕು. ನಮ್ಮ ವೃತ್ತಿಬಾಂಧವರೂ ಕೆಮ್ಮು ನೆಗಡಿಗೆಂದು ಬಂದವರ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿಯೇ ಕಳಿಸಬೇಕು. ಅದಕ್ಕೆ ಹಿಡಿಯುವುದು ಎರಡು ನಿಮಿಷ.

ಯಾವಾಗ ಹೋಗಬೇಕೆಂಬ ಗೊಂದಲವಿದ್ದರೆ ನಮ್ಮ ಭಾಗದ ಲೆಕ್ಕವನ್ನೇ ಹಿಡಿಯಿರಿ. ತೊಗರಿಯ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು, ನಾಲ್ಕು ದಿನ ಬಿಡುವು ಸಿಕ್ಕಾಗ ಮನೆಮಂದಿಯೆಲ್ಲ ಒಟ್ಟಿಗೆ ಹೋಗಿಬನ್ನಿ. ರಕ್ತದೊತ್ತಡ, ಸಕ್ಕರೆ ಇದ್ದವರು ವೈದ್ಯರು ಹೇಳಿದ ತಾರೀಖು ತಪ್ಪಿಸಬೇಡಿ. ಏನೂ ಇಲ್ಲವೆಂದು ವೈದ್ಯರು ಹೇಳಿದರೆ ದುಡ್ಡು ದಂಡವಾಯಿತೆಂದು ಕೊರಗಬೇಡಿ. ಆ ಮಾತು ಕೇಳಿಕೊಂಡು ಬರುವುದಕ್ಕೇ ನೀವು ಹೋದದ್ದು.