ವಿದೇಶಿ ವ್ಯಾಪಾರ ಒಪ್ಪಂದಗಳ ಮಾದರಿ ಷರತ್ತುಗಳು: ಗೇರುಬೀಜ ಘಟಕಗಳ ಗಮನಕ್ಕೆ

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲ್ಲೂಕುಗಳು ಗೇರು ಬೆಳೆಯುವ ಮತ್ತು ಗೇರುಬೀಜ ಸಂಸ್ಕರಿಸುವ ಪ್ರದೇಶಗಳಾಗಿವೆ. ಸ್ಥಳೀಯ ಇಳುವರಿಯು ಕಾರ್ಖಾನೆಗಳ ವರ್ಷವಿಡೀ ಬೇಡಿಕೆಗೆ ಸಾಲದ ಕಾರಣ ಆಫ್ರಿಕಾದ ದೇಶಗಳಿಂದ ಕಚ್ಚಾ ಬೀಜವನ್ನು ತರಿಸುವುದು ಕರಾವಳಿಯ ಈ ಉದ್ಯಮದಲ್ಲಿ ರೂಢಿಯಲ್ಲಿದೆ. ಆಮದು-ರಫ್ತು ಸಂಕೇತ ಸಂಖ್ಯೆಗೆ ಅರ್ಜಿ ಸಲ್ಲಿಸುವವರು ಗಮನಿಸಬೇಕಾದುದೇನೆಂದರೆ, ಸದರಿ ಸಂಖ್ಯೆಯು ವ್ಯವಹಾರಕ್ಕೆ ಅನುಮತಿಯೇ ಹೊರತು ನಷ್ಟದ ವಿರುದ್ಧ ರಕ್ಷಣೆಯಲ್ಲ. ರಕ್ಷಣೆಯು ಒಪ್ಪಂದಪತ್ರದ ಷರತ್ತುಗಳಲ್ಲಿರುತ್ತದೆ.

2020ರ ಕೋವಿಡ್ ನಿರ್ಬಂಧಗಳು, 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ನಡೆದ ದಾಳಿಗಳು, 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಹಲವು ಸರಕುಗಳ ಮೇಲೆ ವಿಧಿಸಿದ ಶೇ. 50ರಷ್ಟು ಹೆಚ್ಚುವರಿ ಸುಂಕ, ಇವೆಲ್ಲವೂ ಒಂದೇ ಪ್ರಶ್ನೆಯನ್ನು ಮುಂದಿಟ್ಟವು: ಹೆಚ್ಚುವರಿ ವೆಚ್ಚವನ್ನು ಯಾರು ಭರಿಸಬೇಕು? ಇದಕ್ಕೆ ಉತ್ತರವು ಕೆಳಕಂಡ ನಾಲ್ಕು ಷರತ್ತುಗಳಲ್ಲಿ ಅಡಗಿರುತ್ತದೆ.

1. ಸರಕು ಒಪ್ಪಿಸುವ ಷರತ್ತು: ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿಯ ಇನ್‌ಕೋಟರ್ಮ್ಸ್ 2020 ನಿಯಮಗಳ ಪ್ರಕಾರ ‘ಎಫ್‌ಒಬಿ’ ವ್ಯವಹಾರದಲ್ಲಿ ಹಡಗು ಬಾಡಿಗೆಯು ಖರೀದಿದಾರನದು, ‘ಸಿಐಎಫ್’ನಲ್ಲಿ ಮಾರಾಟಗಾರನದು. ಆದರೆ ‘ಸಿಐಎಫ್ ಮಂಗಳೂರು’ ಎಂದು ಬರೆದ ಮಾತ್ರಕ್ಕೆ ಮಂಗಳೂರಿನವರೆಗಿನ ಹೊಣೆಯು ಮಾರಾಟಗಾರನದೆಂದು ಭಾವಿಸತಕ್ಕದ್ದಲ್ಲ. ಸರಕು ಆಫ್ರಿಕಾದ ಬಂದರಿನಲ್ಲಿ ಹಡಗನ್ನೇರಿದೊಡನೆ ಹಾನಿಯ ಹೊಣೆ ಖರೀದಿದಾರನಿಗೆ ವರ್ಗವಾಗುತ್ತದೆ. ಮಾರಾಟಗಾರನು ಒದಗಿಸಬೇಕಾದ ವಿಮೆಯೂ ಕನಿಷ್ಠ ರಕ್ಷಣೆಯದಾಗಿರುತ್ತದೆ.

2. ಗುಣಮಟ್ಟದ ಷರತ್ತು: 80 ಕಿಲೋಗ್ರಾಂ ಕಚ್ಚಾ ಬೀಜದಿಂದ ದೊರೆಯುವ ತಿರುಳಿನ ತೂಕವನ್ನು ಪೌಂಡುಗಳಲ್ಲಿ ಅಳೆದು ಬೆಲೆ ನಿಗದಿಪಡಿಸುವುದು ವಾಡಿಕೆ. ದೀರ್ಘ ಪ್ರಯಾಣದಲ್ಲಿ ಬೀಜವು ತೇವಾಂಶದಿಂದ ಕೆಡುವ ಸಾಧ್ಯತೆಯಿದೆ. ಆದ್ದರಿಂದ ಯಾವ ಬಂದರಿನ ಪರೀಕ್ಷಾ ವರದಿಯು ಅಂತಿಮ, ತಿರುಳು ಕಡಿಮೆಯಾದಲ್ಲಿ ಬೆಲೆಯಲ್ಲಿ ಎಷ್ಟು ಕಡಿತ ಎಂಬುದನ್ನು ನಮೂದಿಸತಕ್ಕದ್ದು.

3. ಅನಿರೀಕ್ಷಿತ ವಿಪತ್ತಿನ ಷರತ್ತು: ಭಾರತೀಯ ಕರಾರು ಅಧಿನಿಯಮ, 1872ರ 56ನೇ ಪ್ರಕರಣದಂತೆ ನೆರವೇರಿಸಲು ಅಸಾಧ್ಯವಾದ ಕರಾರು ಅನೂರ್ಜಿತವಾಗುತ್ತದೆ. ಆದರೆ ವೆಚ್ಚ ಹೆಚ್ಚಾದುದು ಅಸಾಧ್ಯತೆಯಲ್ಲ. ಇಂಡೋನೇಷ್ಯಾದ ಕಲ್ಲಿದ್ದಲಿನ ಬೆಲೆಯೇರಿಕೆಗೆ ಸಂಬಂಧಿಸಿದ ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಈ ನಿಲುವನ್ನೇ ತಳೆಯಿತು. ಬಾಡಿಗೆ ಅಥವಾ ಸುಂಕ ಏರಿದಲ್ಲಿ ಬೆಲೆಯ ಮರುಮಾತುಕತೆ ಬೇಕಾದರೆ ಅದನ್ನು ಪ್ರತ್ಯೇಕವಾಗಿ ಬರೆಯಿಸಿಕೊಳ್ಳುವುದು ಅಗತ್ಯ.

4. ವ್ಯಾಜ್ಯ ಪರಿಹಾರದ ಷರತ್ತು: ಭಾರತವು 1958ರ ನ್ಯೂಯಾರ್ಕ್ ಒಡಂಬಡಿಕೆಗೆ 1960ರಲ್ಲಿ ಸೇರಿರುವುದರಿಂದ, ಕೇಂದ್ರ ಸರ್ಕಾರವು ಅಧಿಸೂಚಿಸಿದ ದೇಶಗಳ ಮಧ್ಯಸ್ಥಿಕೆ ತೀರ್ಪುಗಳನ್ನು ಇಲ್ಲಿ ಜಾರಿಗೊಳಿಸಬಹುದಾಗಿದೆ. ಲಂಡನ್ ಅಥವಾ ಸಿಂಗಪುರದ ಮಧ್ಯಸ್ಥಿಕೆಗೆ ಸಹಿ ಹಾಕುವ ಮುನ್ನ ಅಲ್ಲಿನ ವೆಚ್ಚವನ್ನು ಸರಕಿನ ಮೌಲ್ಯದೊಂದಿಗೆ ತುಲನೆ ಮಾಡಿ ನೋಡುವುದು ಸೂಕ್ತ. ವೆಚ್ಚವೇ ಹೆಚ್ಚಾದಲ್ಲಿ ನ್ಯಾಯವಾದ ದಾವೆಯನ್ನೂ ಕೈಬಿಡಬೇಕಾದೀತು.

ಮಾದರಿ ಷರತ್ತುಗಳು ಅನುಕೂಲಕರವೇ ಆಗಿದ್ದರೂ ಬದಲಾಯಿಸಲಾಗದವುಗಳಲ್ಲ. ಸಣ್ಣ ಘಟಕಕ್ಕೆ ಒಂದು ಕಂಟೇನರ್‌ನ ನಷ್ಟವೆಂದರೆ ಬ್ಯಾಂಕಿನ ಸಾಲದ ಕಂತು ಮತ್ತು ಬೀಜ ಸುಲಿಯುವ ಮಹಿಳೆಯರ ಕೂಲಿ, ಎರಡಕ್ಕೂ ಕುತ್ತು. ಆದುದರಿಂದ ಮುಂಗಡ ಪಾವತಿಸುವ ಅಥವಾ ಸಾಖಪತ್ರ ತೆರೆಯುವ ಮೊದಲೇ ಮೇಲ್ಕಂಡ ನಾಲ್ಕು ಷರತ್ತುಗಳನ್ನು ಓದಿ, ಅಗತ್ಯವಿದ್ದಲ್ಲಿ ವಕೀಲರ ಸಲಹೆ ಪಡೆದು, ತಿದ್ದುಪಡಿಗಳನ್ನು ಲಿಖಿತವಾಗಿಯೇ ಪಡೆಯತಕ್ಕದ್ದು.