ಹದಿನೇಳು ಗಂಟೆಯ ಸಮಾಧಾನ

ನಮ್ಮ ಸಾಗರದ ಕಡೆ ಈಗ ಕೇರಿಗೊಬ್ಬರಾದರೂ ಕ್ಯಾಲಿಫೋರ್ನಿಯದಲ್ಲಿದ್ದಾರೆ. ಫೋನಿನಲ್ಲಿ ಅವರೆಲ್ಲರದೂ ಒಂದೇ ಮಾತು: ‘ಚಿಂತೆ ಮಾಡಬೇಡಿ ಅಪ್ಪಯ್ಯ, ಹದಿನೇಳು ಗಂಟೆ ಅಷ್ಟೆ, ಬಂದುಬಿಡುತ್ತೇವೆ.’ ಈ ಹದಿನೇಳು ಗಂಟೆಯ ಬಗ್ಗೆ ನನ್ನದೊಂದು ತಕರಾರಿದೆ.

ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಅತಿ ಹತ್ತಿರದ ದಾರಿಯೇ ಸುಮಾರು 14,000 ಕಿಲೋಮೀಟರ್. 2021ರ ಜನವರಿ 9ರ ಶನಿವಾರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತವರ ಮಹಿಳಾ ತಂಡ ಉತ್ತರ ಧ್ರುವದ ಮೇಲಿಂದ ಹಾರಿಸಿ, ಸುಮಾರು 17 ಗಂಟೆಯಲ್ಲಿ ತಂದಿಳಿಸಿತು. ಆ ಸಾಹಸಕ್ಕೆ ಕೈಮುಗಿಯುತ್ತೇನೆ. ಆದರೆ ಅದು ವಿಮಾನದ ಲೆಕ್ಕ, ಮನುಷ್ಯನ ಲೆಕ್ಕವಲ್ಲ.

ಮನುಷ್ಯನ ಲೆಕ್ಕ ನೋಡಿ. ಮನೆಯಿಂದ ನಿಲ್ದಾಣಕ್ಕೆ ಒಂದು ಗಂಟೆ, ಮೊದಲೇ ಹೋಗಿ ಕಾಯುವುದು ಮೂರು, ಹಾರಾಟ ಹದಿನೇಳು, ಇಳಿದ ಮೇಲೆ ತಪಾಸಣೆ ಮತ್ತು ಪೆಟ್ಟಿಗೆಗೆ ಒಂದು, ದೇವನಹಳ್ಳಿಯಿಂದ ಬೆಂಗಳೂರಿನ ಬಸ್‌ ನಿಲ್ದಾಣಕ್ಕೆ ಎರಡು, ಅಲ್ಲಿಂದ ಸಾಗರಕ್ಕೆ ಎಂಟು. ಒಟ್ಟು 32. ಚಳಿಗಾಲದಲ್ಲಿ ಎರಡೂ ಕಡೆಯ ಗಡಿಯಾರಕ್ಕೆ ಹದಿಮೂರೂವರೆ ಗಂಟೆಯ ಅಂತರ. ಅಲ್ಲಿ ಶನಿವಾರ ಸಂಜೆ ಐದಕ್ಕೆ ಮನೆ ಬಿಟ್ಟವನು ಇಲ್ಲಿ ಜಗಲಿ ಹತ್ತುವುದು ಸೋಮವಾರ ಮಧ್ಯಾಹ್ನ ಎರಡೂವರೆಗೆ. ಅದೂ ನೇರ ವಿಮಾನದಲ್ಲಿ, ಅದೇ ದಿನ ಟಿಕೆಟು ಸಿಕ್ಕರೆ. ದುಬೈಯಲ್ಲೋ ಫ್ರಾಂಕ್‌ಫರ್ಟಿನಲ್ಲೋ ವಿಮಾನ ಬದಲಿಸಬೇಕಾದರೆ ಇನ್ನೂ ಹೆಚ್ಚು.

ವಿಮಾನದ ಲೆಕ್ಕವಾದರೂ ಗಟ್ಟಿಯೇ? 2022ರಲ್ಲಿ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯ ಒಳಗಿದ್ದ ಹಾರಾಟ ಹದಿಮೂರಕ್ಕೆ ಏರಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಬಾಗಿಲು ಹಾಕಿತು. ದೆಹಲಿಯಿಂದ ಅಮೆರಿಕಕ್ಕೆ ಹೊರಟ ವಿಮಾನಗಳು ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ಊರುಗಳು ಇದ್ದಲ್ಲೇ ಇದ್ದವು, ದಾರಿ ಮಾತ್ರ ಉದ್ದವಾಯಿತು.

‘ಹಿಂದೆ ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತಿರಲಿಲ್ಲವೇ?’ ಎಂದು ಕೇಳುವವರಿದ್ದಾರೆ. ಹಿಡಿಯುತ್ತಿತ್ತು. ಆದರೆ ಆಗ ಹೋಗುವವನಿಗೂ ಗೊತ್ತಿತ್ತು, ಉಳಿದವರಿಗೂ ಗೊತ್ತಿತ್ತು. ಅವನು ಬರಲಾರ ಎಂದು ತಿಳಿದೇ ಮನೆಯ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದರು. ಈಗ ಹದಿನೇಳು ಗಂಟೆಯನ್ನು ನಂಬಿ ಮುದುಕರಿಬ್ಬರೇ ದೊಡ್ಡ ಮನೆಯಲ್ಲಿ ಉಳಿಯುತ್ತಾರೆ. ಎದೆನೋವು ಬಂದರೆ ಮೊದಲ ಒಂದು ಗಂಟೆಯೇ ಮುಖ್ಯ ಎನ್ನುತ್ತಾರೆ ವೈದ್ಯರು. ಆ ಗಂಟೆಯಲ್ಲಿ ಬರುವವನು ಪಕ್ಕದ ಮನೆಯ ಆಟೋದವನು, ಮಗನಲ್ಲ.

ಮಕ್ಕಳು ಹೋಗಬಾರದೆಂದು ನಾನು ಹೇಳುತ್ತಿಲ್ಲ. ಹೋಗಲಿ, ಚೆನ್ನಾಗಿರಲಿ. ಆದರೆ ವಿಮಾನ ಕಂಪನಿಯ ಅಂಕಿಯನ್ನು ಹೆತ್ತವರ ಕೈಗಿಟ್ಟು ಸಮಾಧಾನ ಮಾಡುವುದು ಬೇಡ. ‘ಎರಡು ದಿನದ ದಾರಿ ಅಪ್ಪಯ್ಯ, ಹೊತ್ತಿಗೆ ಬರಲಾಗದೆಯೂ ಇರಬಹುದು’ ಎಂದು ಬಾಯಿಬಿಟ್ಟು ಹೇಳಲಿ. ಆಗ ಆ ಮುದುಕರು ಯಾರನ್ನು ನಂಬಬೇಕು, ಯಾರ ನಂಬರನ್ನು ಗೋಡೆಯ ಮೇಲೆ ಬರೆದಿಡಬೇಕು ಎಂದು ತಾವೇ ತೀರ್ಮಾನಿಸುತ್ತಾರೆ.